ಮರದ ಸೌಟು

ಹುದುಗುವಿಕೆ ಎಂಬುದು ನಮ್ಮ ಮನೆಗಳಿಗೆ ಹೊಸ ವಿದ್ಯೆಯಲ್ಲ. ಸಂಜೆ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯ ಕಂಠಕ್ಕೆ ಬಂದು ನಿಲ್ಲುವುದನ್ನು ಕಾಣದ ಕನ್ನಡಿಗನಿಲ್ಲ. ಹಾಲಿಗೆ ಹೆಪ್ಪು ಹಾಕುವುದನ್ನು ಮರೆತು ಮಲಗಿದ ನಮ್ಮ ತಾಯಿ ನಡುರಾತ್ರಿಯಲ್ಲಿ ಎದ್ದು ದೀಪ ಹೊತ್ತಿಸುತ್ತಿದ್ದುದು ನನಗೆ ಇನ್ನೂ ನೆನಪಿದೆ. ಕಣ್ಣಿಗೆ ಕಾಣದ ಜೀವಿಗಳ ಕೈಗೆ ಅರ್ಧ ಅಡಿಗೆಯನ್ನು ಒಪ್ಪಿಸಿ ನಿಶ್ಚಿಂತೆಯಿಂದ ನಿದ್ರೆಮಾಡುವ ಜನ ನಾವು. ಆದರೆ ಈ ವಿದ್ಯೆಯ ಒಂದು ಶಾಖೆಯ ಹೆಸರನ್ನು ಮಾತ್ರ ನಮ್ಮ ಮನೆಯಲ್ಲಿ ಮೂವತ್ತು ವರ್ಷಗಳಿಂದ ಯಾರೂ ಎತ್ತುತ್ತಿರಲಿಲ್ಲ.

ನಾನು ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳಿದವನು. 180 ಗ್ರಾಂ ಗ್ಲೂಕೋಸು ಹುದುಗಿದರೆ 92 ಗ್ರಾಂ ಮದ್ಯಸಾರವೂ 88 ಗ್ರಾಂ ಇಂಗಾಲದ ಡೈ ಆಕ್ಸೈಡೂ ದೊರೆಯುತ್ತವೆ ಎಂಬ ಸಮೀಕರಣವನ್ನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಬರೆದ ಮರುಕ್ಷಣವೇ ಒರೆಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಹಾಗೆ ಅವಸರದಿಂದ ಒರೆಸುತ್ತಿದ್ದುದಕ್ಕೆ ಒಂದು ಕಾರಣವಿತ್ತು.

ನನಗೊಬ್ಬ ತಮ್ಮನಿದ್ದ, ನನಗಿಂತ ಆರು ವರ್ಷ ಚಿಕ್ಕವನು. ಹಾರ್ಮೋನಿಯಂ ನುಡಿಸುವುದರಲ್ಲಿ ಊರಿಗೇ ಹೆಸರಾಗಿದ್ದವನು. 1994ರಲ್ಲಿ, ತನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡ. ಕಾಮಾಲೆಯಾಗಿ ಹೋದನೆಂದು ಎಲ್ಲರಿಗೂ ಹೇಳಿದೆವು. ಅದು ಸುಳ್ಳಲ್ಲ, ಕಾಮಾಲೆಯೇನೋ ಆಗಿತ್ತು. ಹದಿಮೂರನೆಯ ದಿನ ಕಳೆದ ಮೇಲೆ ಅವನ ಹಾರ್ಮೋನಿಯಂ ಪೆಟ್ಟಿಗೆಯನ್ನು ಬಿಚ್ಚಿದಾಗ ತಿದಿಯ ಕೆಳಗೆ, ಹಾಳೆಯ ನಡುವೆ ಒಣಗಿಸಿಟ್ಟ ಎಲೆಗಳಂತೆ ಒಂದರ ಮೇಲೊಂದು ಜೋಡಿಸಿಟ್ಟ ಸಾರಾಯಿಯ ಖಾಲಿ ಪ್ಯಾಕೆಟ್ಟುಗಳು ಸಿಕ್ಕಿದುವು. ತಾಯಿ ನೋಡುವುದಕ್ಕೆ ಮುಂಚೆ ಹಿತ್ತಿಲಿಗೆ ಒಯ್ದು ಸುಟ್ಟುಹಾಕಿದೆ. ಆ ಮೇಲೆ ಮದ್ಯದ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ. 2007ರಲ್ಲಿ ನಮ್ಮ ಸರಕಾರ ಸಾರಾಯಿಯನ್ನು ನಿಷೇಧಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೂ ನಾನು ಹಾಳೆ ಮಗುಚಿ ಒಳಪುಟಕ್ಕೆ ಹೋದೆ.

ಹೋದ ವರ್ಷ ಜೂನ್ ತಿಂಗಳಲ್ಲಿ ನಾನೂ ನನ್ನಾಕೆಯೂ ಆರು ತಿಂಗಳ ಮಟ್ಟಿಗೆ ಅಮೆರಿಕಾದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಆರಿಗನ್ ಸಂಸ್ಥಾನದ ವಿಲಾಮೆಟ್ ನದಿಯ ಕಣಿವೆಯಲ್ಲಿ ಕೊರ್ವಾಲಿಸ್ ಎಂಬ ಊರು. ಮರಗಳ ನೆರಳಿನಲ್ಲಿ ಹಬ್ಬಿಕೊಂಡಿರುವ ವಿಶ್ವವಿದ್ಯಾನಿಲಯದ ಊರು. ಹೋದ ಎರಡನೆಯ ವಾರದಲ್ಲಿ, ಒಂದು ಶನಿವಾರ ಬೆಳಿಗ್ಗೆ, ಕಾರು ನಿಲ್ಲಿಸುವ ಕೊಟ್ಟಿಗೆಯಿಂದ ಬಂದ ವಾಸನೆ ನನ್ನನ್ನು ತಡೆದು ನಿಲ್ಲಿಸಿತು. ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು ಬೀಸಿದ ರಾಗಿಯಿಂದ ಮಕ್ಕಳಿಗೆ ಕಾಯಿಸುವ ಸರಿಯ ವಾಸನೆ ಅದು. ಈ ದೇಶದಲ್ಲಿ ರಾಗಿಯ ಸರಿ ಕಾಯಿಸುವವರು ಯಾರಪ್ಪಾ ಎಂದು ಸಂತೋಷದಿಂದಲೇ ಬಾಗಿಲು ತೆರೆದೆ. ದೊಡ್ಡ ಉಕ್ಕಿನ ಕೊಳಗವೊಂದರ ಮುಂದೆ ಮಗ ನಿಂತಿದ್ದ. ಮಾಡುತ್ತಿದ್ದುದು ಬಿಯರು.

ಎರಡು ದಿನ ನಾನು ಅವನೊಡನೆ ಮಾತನಾಡಲಿಲ್ಲ. ಅವನಿಗೆ ಕಾರಣ ತಿಳಿಯದೆಂದೇ ನಾನು ನಂಬಿದ್ದೆ. ಮೂರನೆಯ ದಿನ ಸಂಜೆ ಅವನು ಗಾಜಿನ ನಳಿಗೆಯೊಂದನ್ನು ತಂದು ನನ್ನ ಮುಂದೆ ಇಟ್ಟ. ದ್ರವದ ಸಾಂದ್ರತೆಯನ್ನು ಅಳೆಯುವ ತೇಲುಮಾಪಕ. "ಅಪ್ಪಾ, ಇದು ಸರಿಯಾಗಿ ತೋರಿಸುತ್ತದೆಯೇ ಎಂದು ಸಂದೇಹ. ಸ್ವಲ್ಪ ಪರೀಕ್ಷೆ ಮಾಡಿಕೊಡುತ್ತೀರಾ?" ಎಂದ. ಅದು ಗಾಳವೆಂದು ನನಗೆ ಗೊತ್ತಾಗದೆ ಹೋಗಲಿಲ್ಲ. ಆದರೆ ತಪ್ಪು ತೋರಿಸುವ ಉಪಕರಣವನ್ನು ಹಾಗೆಯೇ ಬಿಟ್ಟು ಮಲಗುವುದು ಮೇಷ್ಟರ ಜಾತಿಯವರಿಗೆ ಸಾಧ್ಯವಿಲ್ಲ. ಬಟ್ಟಿ ಇಳಿಸಿದ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ಗೆ ತಂದು ನಳಿಗೆಯನ್ನು ತೇಲಿಬಿಟ್ಟೆ. 1.000 ತೋರಿಸಬೇಕಾದ ಕಡೆ 1.002 ತೋರಿಸಿತು. "ಎರಡು ಅಂಶ ಹೆಚ್ಚು ತೋರಿಸುತ್ತದೆ, ಕಳೆದುಕೊಂಡು ಬರೆ" ಎಂದೆ. ಹೀಗೆ ಮಾತು ಪುನಃ ಆರಂಭವಾಯಿತು.

ಆ ವಾರವೆಲ್ಲ ಅವನ ಕಪಾಟಿನ ಪುಸ್ತಕಗಳನ್ನು ಓದಿದೆ. ಓದಿದಂತೆ ನನಗೆ ಒಂದು ಬಗೆಯ ನಾಚಿಕೆಯಾಯಿತು. ದ್ರಾವಣದ ಆಮ್ಲತೆಯನ್ನು ಅಳೆಯುವ ಪಿ.ಎಚ್. ಮಾನವನ್ನು ಎಷ್ಟು ಸಾವಿರ ಹುಡುಗರಿಗೆ ನಾನು ಕಲಿಸಿಲ್ಲ! ಅದನ್ನು 1909ರಲ್ಲಿ ಸೋರೆನ್‌ಸೆನ್ ಎಂಬಾತ ರೂಪಿಸಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ತಯಾರಕರ ಪ್ರಯೋಗಶಾಲೆಯಲ್ಲಿ. ಒಂದೇ ಕಣದಿಂದ ಶುದ್ಧವಾದ ಯೀಸ್ಟನ್ನು ಬೆಳೆಸುವ ಕ್ರಮವನ್ನು 1883ರಲ್ಲಿ ಹಾನ್ಸೆನ್ ಕಂಡುಹಿಡಿದದ್ದೂ ಅಲ್ಲಿಯೇ. ಪಾಶ್ಚರ್ ಮಹಾಶಯ 1876ರಲ್ಲಿ ಬಿಯರನ್ನು ಕುರಿತೇ ಒಂದು ಗ್ರಂಥ ಬರೆದ. ಶಾಖಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ಅಳೆದ ಜೂಲ್ ಬಿಯರ್ ತಯಾರಕನ ಮಗ. ಕಿರಿಯ ನಿದರ್ಶನಗಳಿಂದ ತೀರ್ಮಾನಕ್ಕೆ ಬರುವ ಗಣಿತಕ್ರಮವನ್ನು 1908ರಲ್ಲಿ 'ವಿದ್ಯಾರ್ಥಿ' ಎಂಬ ಕಾವ್ಯನಾಮದಂತಹ ಹೆಸರಿನಲ್ಲಿ ಪ್ರಕಟಿಸಿದ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆಯ ನೌಕರ. ನಾನು ಯಾವ ಮನೆಯ ಹೊಸ್ತಿಲು ತುಳಿಯಬಾರದೆಂದಿದ್ದೆನೋ ಆ ಮನೆಯ ಅನ್ನವನ್ನೇ ಮೂವತ್ತನಾಲ್ಕು ವರ್ಷ ಉಂಡಿದ್ದೆ.

"ಇದಕ್ಕೆ ಕಾನೂನಿನ ಅಡ್ಡಿಯಿಲ್ಲವೇ?" ಎಂದು ಮಗನನ್ನು ಕೇಳಿದೆ. 1920ರಿಂದ 1933ರವರೆಗೆ ಆ ದೇಶದಲ್ಲಿ ಪಾನನಿಷೇಧವಿತ್ತು. ಅದು ಹೋದ ಮೇಲೆ ಮನೆಯಲ್ಲಿ ದ್ರಾಕ್ಷಾರಸ ಮಾಡಿಕೊಳ್ಳಲು ಅವಕಾಶ ಸಿಕ್ಕಿತೇ ಹೊರತು ಬಿಯರಿಗೆ ಸಿಕ್ಕಲಿಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಅಂಕಿತ ಹಾಕಿದ ಶಾಸನದಿಂದ ಮಾತ್ರ ಆ ಕಟ್ಟು ಸಡಿಲವಾಯಿತು: ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್; ಮಾರುವಂತಿಲ್ಲ. ನಮ್ಮಲ್ಲಿ ಹಾಗಿಲ್ಲವೆಂಬುದನ್ನು ಓದುಗ ಮಹಾಶಯರು ಮರೆಯಬಾರದು. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಈ ಲೇಖನವನ್ನು ಓದಿ ಯಾರೂ ಹಿತ್ತಿಲಲ್ಲಿ ಒಲೆ ಹೂಡಬೇಕಾಗಿಲ್ಲ.

ಜುಲೈ ಮೊದಲ ವಾರದ ಶನಿವಾರ ಮಗ ಗೋದಿಯ ಬಿಯರಿಗೆ ಕೈಹಾಕಿದ. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತೆ. ಮೊಳಕೆ ಬರಿಸಿ ಒಣಗಿಸಿದ ಗೋದಿ ಎರಡೂಕಾಲು ಕಿಲೋ, ಅದೇ ರೀತಿಯ ಜವೆ ಎರಡು ಕಿಲೋ. ಎರಡನ್ನೂ ನುಚ್ಚು ಮಾಡಿ 13 ಲೀಟರು ಬಿಸಿನೀರಿನಲ್ಲಿ ಕಲಸಿ 67 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟ. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯನ್ನಾಗಿ ಒಡೆಯುವ ಕಿಣ್ವಗಳಿರುತ್ತವೆ. ಮೊಳಕೆ ರಾಗಿಯ ಸರಿ ಸಾಮಾನ್ಯ ರಾಗಿಯ ಗಂಜಿಗಿಂತ ತೆಳ್ಳಗೆ, ಸಿಹಿಯಾಗಿ, ಮಗುವಿನ ಹೊಟ್ಟೆಗೆ ಹಿತವಾಗಿ ಇರುವುದು ಇದೇ ಕಿಣ್ವಗಳ ದೆಸೆಯಿಂದ. ಗಂಟೆಯಾದ ಮೇಲೆ ನಾನು ಒಂದು ಚಮಚೆಯಷ್ಟು ರಸವನ್ನು ಬಿಳಿಯ ತಟ್ಟೆಗೆ ಹಾಕಿ ಅಯೋಡಿನ್ ತೊಟ್ಟಿಕ್ಕಿದೆ. ಪಿಷ್ಟ ಉಳಿದಿದ್ದರೆ ನೀಲಿಯಾಗಬೇಕು; ಕಂದಾಗಿಯೇ ಉಳಿಯಿತು. ಆ ವಯಸ್ಸಿನಲ್ಲೂ ನನಗೆ ಒಂದು ಚಪ್ಪಾಳೆ ತಟ್ಟುವಷ್ಟು ಹಿಗ್ಗಾಯಿತೆಂದರೆ ನಗಬೇಡಿ.

ರಸವನ್ನು ಬಸಿಯುವಾಗ ಇನ್ನೊಂದು ಸ್ವಾರಸ್ಯ ಕಂಡೆ. ಜವೆಗೆ ಸಿಪ್ಪೆಯುಂಟು, ಆ ಸಿಪ್ಪೆಯೇ ಜರಡಿಯಾಗಿ ರಸ ಸಲೀಸಾಗಿ ಇಳಿಯುತ್ತದೆ. ಗೋದಿಗೆ ಸಿಪ್ಪೆಯಿಲ್ಲ, ಅಂಟಾಗಿ ಕಟ್ಟಿಕೊಂಡು ಒಂದು ಹನಿಯನ್ನೂ ಕೆಳಗೆ ಬಿಡದು. ಅದಕ್ಕೆ ಪರಿಹಾರವೆಂದು ಮಗ ಪೊಟ್ಟಣವೊಂದನ್ನು ಬಿಚ್ಚಿ ಎರಡು ಬೊಗಸೆ ಹೊಟ್ಟನ್ನು ಬೆರೆಸಿದ. ನೋಡಿದರೆ ಭತ್ತದ ಹೊಟ್ಟು! ನಮ್ಮ ಕಡೆ ಇಟ್ಟಿಗೆಯ ಗೂಡಿಗೆ ಸುರಿಯುವ ಪದಾರ್ಥವನ್ನು ಅಲ್ಲಿ ತೂಕ ಮಾಡಿ ಮಾರುತ್ತಾರೆ. ರಸ ಎಳೆಯಾಗಿ ಇಳಿಯಿತು.

ಗೋದಿಯ ಬಿಯರಿಗೆ ಒಂದು ಚರಿತ್ರೆಯೇ ಇದೆ. ಬವೇರಿಯಾದ ಡ್ಯೂಕರು 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್ ನಗರದಲ್ಲಿ ಹೊರಡಿಸಿದ ಕಟ್ಟಳೆಯಲ್ಲಿ ಬಿಯರಿಗೆ ಜವೆ, ಹಾಪ್ಸ್, ನೀರು ಈ ಮೂರನ್ನುಳಿದು ಬೇರೇನೂ ಸೇರಬಾರದೆಂದಿತ್ತು. ಯೀಸ್ಟಿನ ಹೆಸರಿಲ್ಲ; ಅಂಥದೊಂದು ಜೀವಿಯುಂಟೆಂದು ಆಗ ಯಾರಿಗೂ ತಿಳಿಯದು. ಗೋದಿಯ ಹೆಸರೂ ಇಲ್ಲ. ಅದು ರೊಟ್ಟಿಗೆ ಬೇಕೆಂಬುದೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಡೇಗೆನ್‌ಬರ್ಗ್ ಎಂಬ ಪಾಳೆಯಗಾರರ ಮನೆತನಕ್ಕೆ ಮಾತ್ರ ಗೋದಿಯ ಬಿಯರಿನ ಹಕ್ಕು ಲಭಿಸಿತು. 1602ರಲ್ಲಿ ಆ ವಂಶ ನಿಂತುಹೋದಾಗ ಹಕ್ಕು ಡ್ಯೂಕ್ ಮ್ಯಾಕ್ಸಿಮಿಲಿಯನ್ನನ ಪಾಲಾಯಿತು. ರೊಟ್ಟಿಗೆಂದು ಕಾಯ್ದಿಟ್ಟ ಗೋದಿ ಕಡೆಗೆ ಅರಸನ ಬೊಕ್ಕಸವನ್ನು ತುಂಬಿತು! 1872ರಲ್ಲಿ ಗೇಯೋರ್ಗ್ ಷ್ನೈಡರ್ ಎಂಬ ಸಾಮಾನ್ಯ ತಯಾರಕ ಅರಮನೆಯಿಂದ ಆ ಹಕ್ಕನ್ನು ಪಡೆದುಕೊಂಡ.

ಬಸಿದ ರಸವನ್ನು ಒಂದು ಗಂಟೆ ಕುದಿಸಿ, 15 ಗ್ರಾಂ ಮಾತ್ರ ಹಾಪ್ ಹಾಕಿ, ತಾಮ್ರದ ಸುರುಳಿಯಲ್ಲಿ ತಣ್ಣೀರು ಹರಿಸಿ 20 ಡಿಗ್ರಿಗೆ ಇಳಿಸಿ, ಮಗ ಯೀಸ್ಟ್ ಉದುರಿಸಿ ಮುಚ್ಚಿದ. ಮುಚ್ಚಳದ ಮೇಲೊಂದು ನೀರುಬೀಗ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಕ್ಕೆ ಹೋಗಬಹುದು, ಹೊರಗಿನದು ಒಳಕ್ಕೆ ಬಾರದು. ಮರುದಿನ ಬೆಳಿಗ್ಗೆಯಿಂದಲೇ ಅದು ಗುಳುಗುಳು ಎನ್ನತೊಡಗಿತು. ಆ ಬಿಂದಿಗೆಯ ಪಕ್ಕದಲ್ಲಿಯೇ ನನ್ನಾಕೆ ತನ್ನ ದೋಸೆಯ ಹಿಟ್ಟನ್ನು ಇಟ್ಟಿದ್ದಳು. ಆ ಚಳಿಯ ಮನೆಯಲ್ಲಿ ನೀರು ಕಾಯಿಸುವ ಯಂತ್ರದ ಬಳಿ ಮಾತ್ರ ಹಿಟ್ಟು ಉಬ್ಬುತ್ತಿತ್ತು. ಅತ್ತೆ ಸೊಸೆಯರಂತೆ ಎರಡು ಪಾತ್ರೆಗಳೂ ಒಂದೇ ಮೂಲೆಯಲ್ಲಿ ತಮ್ಮ ತಮ್ಮ ಕೆಲಸ ನಡೆಸಿಕೊಂಡಿದ್ದುವು.

ಇನ್ನು ನನ್ನ ತಪ್ಪಿನ ಕಥೆ. ಎರಡನೆಯ ದಿನ ಮಗ ಕಚೇರಿಗೆ ಹೋಗುವಾಗ, "ಸಂಜೆ ನಾನು ಬಂದು ಸಾಂದ್ರತೆ ನೋಡುತ್ತೇನೆ, ಅಲ್ಲಿಯವರೆಗೆ ಮುಚ್ಚಳ ತೆಗೆಯುವುದು ಬೇಡ" ಎಂದು ಹೇಳಿಹೋಗಿದ್ದ. ಮಧ್ಯಾಹ್ನ ನನಗೆ ಕುತೂಹಲ ತಡೆಯಲಿಲ್ಲ. ರಸ ತೆಗೆಯುವ ಗಾಜಿನ ಕೊಳವೆ ಕೈಗೆ ಸಿಕ್ಕಲಿಲ್ಲ. ದೋಸೆಯ ಹಿಟ್ಟಿನ ಮೇಲೆ ಮರದ ಸೌಟಿತ್ತು; ಊರಿನಿಂದ ತಂದದ್ದು. ನಲ್ಲಿಯ ಕೆಳಗೆ ಹಿಡಿದು ಮೂರು ಸಲ ತೊಳೆದೆ. ಮೂರು ಸಲ ತೊಳೆಯಬೇಕೆಂದು ಹುಡುಗರಿಗೆ ಕಲಿಸಿದವನಲ್ಲವೇ! ಮುಚ್ಚಳ ತೆಗೆದು, ಅದ್ದಿ, ಅಳೆದು, ಪುನಃ ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಹನ್ನೆರಡನೆಯ ದಿನ ಮಗ ರುಚಿ ನೋಡಿದ. ಹುಣಿಸೆಯ ಹೀಚು ಕಚ್ಚಿದವನಂತೆ ಮುಖ ಮುದುಡಿತು. ಪಿ.ಎಚ್. 4.2ರ ಆಸುಪಾಸಿನಲ್ಲಿರಬೇಕಾದದ್ದು 3.4ಕ್ಕೆ ಇಳಿದಿತ್ತು. ಬಿಯರು ಮಜ್ಜಿಗೆಯ ದಾರಿ ಹಿಡಿದಿತ್ತು. 19 ಲೀಟರನ್ನೂ ಅವನು ಹುಲ್ಲಿಗೆ ಸುರಿದ. ದೋಸೆಯ ಹಿಟ್ಟನ್ನು ಉಬ್ಬಿಸುವುದರಲ್ಲಿ ಯೀಸ್ಟಿಗಿಂತ ಲ್ಯೂಕೋನೊಸ್ಟಾಕ್ ಮೊದಲಾದ ಆಮ್ಲಕಾರಕ ಬ್ಯಾಕ್ಟೀರಿಯಗಳದೇ ದೊಡ್ಡ ಪಾತ್ರವೆಂದು ಇಡ್ಲಿಯ ಹಿಟ್ಟನ್ನು ಪರೀಕ್ಷಿಸಿದ ಅಮೆರಿಕದ ವಿಜ್ಞಾನಿಗಳು 1965ರಲ್ಲೇ ತೋರಿಸಿದ್ದರು. ಮರದ ರಂಧ್ರಗಳಲ್ಲಿ ಅಂಥವು ಅಡಗಿದ್ದರೆ ನಲ್ಲಿಯ ನೀರಿಗೆ ಹೋಗುವುವಲ್ಲ. ನನಗೆ ಒಂದೇ ನಿಮಿಷದಲ್ಲಿ ಎಲ್ಲವೂ ಹೊಳೆಯಿತು. ಹೊಳೆದರೂ ನಾಲಗೆ ಏಳಲಿಲ್ಲ.

ಮಗ ಬಿಂದಿಗೆಯನ್ನೂ ಕೊಳವೆಗಳನ್ನೂ ತಿಪ್ಪೆಗೆ ಎಸೆದು ಹೊಸದು ತಂದ. ನೀರನ್ನು ಶಂಕಿಸಿದ, ಯೀಸ್ಟನ್ನು ಶಂಕಿಸಿದ, ರಾತ್ರಿ ಹನ್ನೆರಡರವರೆಗೆ ಓದಿದ. ಅವನ ಬಳಿ ಒಂದು ಲೆಕ್ಕದ ಪುಸ್ತಕವಿದೆ. ಮಾಡಿದ ಪ್ರತಿಯೊಂದು ಪಾಕದ ತೂಕ, ಉಷ್ಣತೆ, ದಿನಾಂಕ ಎಲ್ಲವನ್ನೂ ಅದರಲ್ಲಿ ಬರೆಯುತ್ತಾನೆ. ಒಂದು ದಿನ ತೆರೆದು ನೋಡಿದೆ. ಕೊನೆಯ ಪುಟದಲ್ಲಿ ಹೀಗಿತ್ತು: "ಹುಳಿಯಾಯಿತು. ತಪ್ಪು ನನ್ನದು. ತೊಳೆದದ್ದು ಸಾಲದು." ಆ ಪುಸ್ತಕವನ್ನು ಇದ್ದಂತೆಯೇ ಇಟ್ಟುಬಿಟ್ಟೆ. ಸುಡುವುದಕ್ಕೆ ಈ ಸಲ ಏನೂ ಇರಲಿಲ್ಲ, ಮೌನವಾಗಿದ್ದರೆ ಸಾಕಾಗಿತ್ತು. ಒಂದು ತಿಂಗಳಿಗೂ ಮೇಲೆ ಮೌನವಾಗಿದ್ದೆ.

ಆಗಸ್ಟಿನ ಕೊನೆಯಲ್ಲಿ ಅವನು ನನ್ನನ್ನು ಹಾಪ್ ತೋಟಕ್ಕೆ ಕರೆದುಕೊಂಡು ಹೋದ. ಅದೇ ಕಣಿವೆಯಲ್ಲಿ ಉತ್ತರಕ್ಕೆ, ಇಂಡಿಪೆಂಡೆನ್ಸ್ ಎಂಬ ಊರಿನ ಸುತ್ತ, ಆ ತೋಟಗಳುಂಟು. ನೋಡಿದೊಡನೆ ನನಗೆ ಅಡಿಕೆಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ನೆನಪಾಯಿತು. ಆದರೆ ಇಲ್ಲಿ ಮರವಿಲ್ಲ. ಹದಿನೆಂಟು ಅಡಿ ಎತ್ತರದ ಕಂಬಗಳ ಮೇಲೆ ತಂತಿ, ತಂತಿಯಿಂದ ಇಳಿಬಿಟ್ಟ ಹುರಿ, ಹುರಿಗೆ ಬಲಕ್ಕೆ ಸುತ್ತಿಕೊಂಡು ಏರುವ ಬಳ್ಳಿ. ಹುರಿಯನ್ನು ಮುಟ್ಟಿ ನೋಡಿದೆ: ತೆಂಗಿನ ನಾರು! ಶ್ರೀಲಂಕೆಯ ಕಡೆಯಿಂದ ಬರುತ್ತದಂತೆ. ತೆಂಗಿನ ಸೀಮೆಯವನಾದ ನನಗೆ ದೂರದ ನೆಂಟರನ್ನು ಸಂತೆಯಲ್ಲಿ ಕಂಡಷ್ಟು ಸಂತೋಷವಾಯಿತು. ಹೆಣ್ಣು ಬಳ್ಳಿ ಮಾತ್ರ ಬಿಡುವ ಹಸಿರು ಗೊಂಚಲಿನ ಹೂವನ್ನು ಕಿತ್ತು ಅಂಗೈಯಲ್ಲಿ ಉಜ್ಜಿದರೆ ಒಳಗೆ ಅರಿಶಿನದಂಥ ಪುಡಿ. ಮೂಗಿಗೆ ಹಿಡಿದರೆ ಚಕ್ಕೋತದ ಸಿಪ್ಪೆಯ ಪರಿಮಳ. ಈ ತಳಿಯ ಹೆಸರು ಕ್ಯಾಸ್ಕೇಡ್. ಕೊರ್ವಾಲಿಸ್ಸಿನಲ್ಲಿಯೇ ಸರಕಾರಿ ವಿಜ್ಞಾನಿಗಳು 1956ರ ಬೀಜದಿಂದ ಬೆಳೆಸಿ, ಪರೀಕ್ಷಿಸಿ, 1972ರಲ್ಲಿ ರೈತರ ಕೈಗೆ ಕೊಟ್ಟದ್ದು. ಒಂದು ಪರಿಮಳಕ್ಕೆ ಹದಿನಾರು ವರ್ಷ ಕಾದರು.

ಬದುವಿನ ಮೇಲೆ ಕುಳಿತು ಮಗ ಹೇಳಿದ: "ಹಾಪ್ ಬರೀ ಕಹಿಗಲ್ಲ ಅಪ್ಪಾ. ಕುದಿಸಿದಾಗ ಇದರ ಆಲ್ಫಾ ಆಮ್ಲಗಳು ರೂಪ ಬದಲಾಯಿಸುತ್ತವೆ. ಅವು ಯೀಸ್ಟಿಗೆ ತೊಂದರೆ ಕೊಡುವುದಿಲ್ಲ. ಹುಳಿಮಾಡುವ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವನ್ನು ತಡೆಯುತ್ತವೆ. ಜರ್ಮನ್ ರೀತಿಯ ಗೋದಿ ಬಿಯರಿಗೆ ಹಾಪ್ ಕಡಿಮೆ. ನಾನು ಇನ್ನೂ ಸ್ವಲ್ಪ ಹೆಚ್ಚು ಹಾಕಿದ್ದರೆ ಅದು ಉಳಿಯುತ್ತಿತ್ತೋ ಏನೋ. ನನ್ನದೇ ತಪ್ಪು." ಹನ್ನೆರಡನೆಯ ಶತಮಾನದ ಜರ್ಮನ್ ಸನ್ಯಾಸಿನಿ ಹಿಲ್ಡೆಗಾರ್ಡ್ ಹಾಪನ್ನು ಕುರಿತು ಇದೇ ಬಗೆಯ ಮಾತು ಬರೆದಿದ್ದಾಳೆ: ಅದು ಮನುಷ್ಯನಲ್ಲಿ ವಿಷಾದವನ್ನು ಬೆಳೆಸುತ್ತದೆ, ಆದರೆ ಅದರ ಕಹಿ ಪಾನೀಯವನ್ನು ಕೆಡದಂತೆ ಕಾಪಾಡುತ್ತದೆ ಎಂದು.

"ನಿನ್ನ ತಪ್ಪಲ್ಲ, ದೋಸೆಯ ಸೌಟಿನ ತಪ್ಪು" ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಸಿಟ್ಟಾಗಬಹುದೆಂದು ಕಾಯುತ್ತಿದ್ದರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನನಗೂ ನಗು ಬಂತು. ಬಾಯಿ ತೆರೆದದ್ದೇ ಸಮಯವೆಂದು, ಮುಂದಿನದನ್ನೂ ಹೇಳಿಬಿಟ್ಟೆ: ಎರಡು ದಿನ ಅವನೊಡನೆ ಮಾತನಾಡದೆ ಇದ್ದುದೇಕೆ, ಅವನ ಚಿಕ್ಕಪ್ಪ ಸತ್ತದ್ದು ಹೇಗೆ, ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಸಿಕ್ಕಿದ್ದೇನು, ಅದನ್ನು ನಾನು ಏನು ಮಾಡಿದೆ, ಎಲ್ಲವನ್ನೂ.

ಅವನ ನಗು ನಿಂತಿತು. ಬಹಳ ಹೊತ್ತು ಅಂಗೈಯ ಹಳದಿ ಪುಡಿಯನ್ನೇ ನೋಡುತ್ತಿದ್ದ. ಆಮೇಲೆ, "ಅದನ್ನು ತಂದುಕೊಡುತ್ತಿದ್ದವನು ನಾನೇ ಅಪ್ಪಾ" ಎಂದ.

ಆಗ ಅವನಿಗೆ ಒಂಬತ್ತು ವರ್ಷ. ಚಿಕ್ಕಪ್ಪ ಹಣ ಕೊಟ್ಟು ಅಂಗಡಿಗೆ ಕಳುಹಿಸುತ್ತಿದ್ದನಂತೆ. ಮಗು ಬಂದರೆ ಯಾರೂ ಕೇಳುವುದಿಲ್ಲವೆಂದು. ಪೆಪ್ಪರ್‌ಮಿಂಟಿಗೆ ಎಂಟಾಣೆ ಬೇರೆ. ಅಂಗಿಯ ಒಳಗೆ ಬಚ್ಚಿಟ್ಟು ತಂದು ಕೊಟ್ಟರೆ ಅವನು ಹಾರ್ಮೋನಿಯಂ ನುಡಿಸಿ ತೋರಿಸುತ್ತಿದ್ದ. ಚಿಕ್ಕಪ್ಪ ಸತ್ತಾಗ ಎಲ್ಲರೂ ಕಾಮಾಲೆಯೆಂದರು. ಇವನಿಗೆ ಮಾತ್ರ ತಾನು ತಂದುಕೊಟ್ಟದ್ದರಿಂದಲೇ ಎಂದು ತೋರಿತು. ಯಾರನ್ನು ಕೇಳುವುದು? ಕೇಳಿದರೆ ತಾನು ತಂದದ್ದು ಗೊತ್ತಾಗುತ್ತದೆ. ಮನೆಯಲ್ಲಿ ಯಾರೂ ಆ ಮಾತೆತ್ತದಿರುವುದು ಕೂಡ ತನ್ನ ಅಪರಾಧ ಎಲ್ಲರಿಗೂ ತಿಳಿದಿರುವುದರಿಂದಲೇ ಎಂದು ಆ ಹುಡುಗ ಎಷ್ಟೋ ವರ್ಷ ತಿಳಿದಿದ್ದ.

ನನ್ನ ತಾಯಿಯ ಮನಸ್ಸಿಗೆ ನೋವಾಗಬಾರದೆಂದು ನಾನು ಸುಟ್ಟ ಬೆಂಕಿ ಯಾರ ಮನಸ್ಸಿಗೆ ತಾಗಿತ್ತೆಂಬುದು ನನಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು. "ಒಂಬತ್ತು ವರ್ಷದ ಹುಡುಗನ ತಪ್ಪಲ್ಲ ಅದು" ಎಂದೆ. ಆ ಮಾತನ್ನು 1994ರಲ್ಲಿಯೇ ಹೇಳಬೇಕಾಗಿತ್ತು. ಹೇಳುವುದಕ್ಕೆ ನನಗೆ ವಿಷಯವೇ ಗೊತ್ತಿರಲಿಲ್ಲ. ಗೊತ್ತಾಗದಂತೆ ಬಾಗಿಲು ಹಾಕಿದ್ದವನು ನಾನೇ.

ಸೆಪ್ಟೆಂಬರ್ ನಡುವಿನಲ್ಲಿ ಇಬ್ಬರೂ ಸೇರಿ ಎರಡನೆಯ ಪಾಕ ಹೂಡಿದೆವು. ಈ ಸಲ ಹಾಪ್ ಹೆಚ್ಚು. ಗೋದಿಯ ಬಿಯರಿಗೆ ಅಮೆರಿಕದ ಹಾಪನ್ನು ಧಾರಾಳವಾಗಿ ಸೇರಿಸುವುದು ಈಚಿನ ವಾಡಿಕೆ. ಪೋರ್ಟ್‌ಲೆಂಡ್ ನಗರದ ವಿಡ್ಮರ್ ಸಹೋದರರು ಸೋಸದ ಗೋದಿ ಬಿಯರನ್ನು 1986ರಲ್ಲಿ ಜನರ ಮುಂದಿಟ್ಟು ಅದಕ್ಕೊಂದು ಅಮೆರಿಕದ ರೂಪ ಕೊಟ್ಟರು. 2007ರಲ್ಲಿ ಬವೇರಿಯಾದ ಷ್ನೈಡರ್ ಮನೆಯವರೂ ನ್ಯೂಯಾರ್ಕಿನ ಬ್ರೂಕ್ಲಿನ್ ಸಂಸ್ಥೆಯವರೂ ಒಟ್ಟಿಗೆ ಸೇರಿ ಹಾಪ್ ಹೆಚ್ಚಾಗಿರುವ ಗೋದಿ ಬಿಯರನ್ನು ಮಾಡಿದರು. ನಮ್ಮ ಲೆಕ್ಕ ಹೀಗಿತ್ತು: ಕಾಳುಗಳ ತೂಕ ಮೊದಲಿನಷ್ಟೇ, ಕುದಿಯುವ ಮೊದಲಲ್ಲಿ ಕಹಿಗೆ 20 ಗ್ರಾಂ ಕ್ಯಾಸ್ಕೇಡ್, ಕೊನೆಯ ಹತ್ತು ನಿಮಿಷದಲ್ಲಿ ರುಚಿಗೆ 30 ಗ್ರಾಂ, ಹುದುಗು ಇಳಿದ ಮೇಲೆ ಮೂರು ದಿನ ಪರಿಮಳಕ್ಕೆ 40 ಗ್ರಾಂ. ಬಹಳ ಹೊತ್ತು ಕುದಿಸಿದರೆ ಕಹಿ ಇಳಿಯುತ್ತದೆ, ಪರಿಮಳ ಹಾರಿಹೋಗುತ್ತದೆ. ಕುದಿಸದಿದ್ದರೆ ಪರಿಮಳ ಉಳಿಯುತ್ತದೆ, ಕಹಿ ಹತ್ತುವುದಿಲ್ಲ. ಒಂದೇ ಹೂವನ್ನು ಮೂರು ಸಮಯದಲ್ಲಿ ಹಾಕುವುದು ಅದಕ್ಕಾಗಿ; ನಮ್ಮ ಸಾರಿಗೆ ಒಗ್ಗರಣೆಯನ್ನು ಕೊನೆಯಲ್ಲಿ ಹಾಕುವ ನ್ಯಾಯವೇ ಇದು. ಯೀಸ್ಟ್ ಕೂಡ ಬೇರೆ. ಮೊದಲಿನದು ಬಾಳೆಹಣ್ಣು ಲವಂಗಗಳ ವಾಸನೆ ಕೊಡುವ ಜರ್ಮನ್ ತಳಿ. ಈ ಸಲ ತನ್ನ ವಾಸನೆಯನ್ನು ಮುಂದೆ ಮಾಡದ ಸಾಧು ತಳಿ.

ತೊಳೆಯುವ ಕೆಲಸ ನನ್ನದೇ. ಬಿಯರು ಮಾಡುವುದೆಂದರೆ ಮುಕ್ಕಾಲು ಪಾಲು ತೊಳೆಯುವುದು, ಉಳಿದ ಕಾಲು ಪಾಲು ಕಾಯುವುದು. ಮನುಷ್ಯ ಮಾಡುವುದು ಸಿಹಿನೀರನ್ನು ಮಾತ್ರ. ಬಿಯರನ್ನು ಮಾಡುವುದು ಯೀಸ್ಟ್. ಮರದ ಸೌಟನ್ನು ನನ್ನಾಕೆ ಅಡಿಗೆಯ ಮನೆಯ ಮೇಲಿನ ಕಪಾಟಿಗೆ ಸೇರಿಸಿ, ಹಿಟ್ಟಿನ ಪಾತ್ರೆಯನ್ನೂ ಒಳಗೆ ಒಯ್ದಳು. ಆರಂಭದ ಸಾಂದ್ರತೆ 1.050, ಕೊನೆಗೆ 1.012, ಎರಡು ಅಂಶಗಳ ದೋಷ ಕಳೆದ ಮೇಲೆ. ಲೆಕ್ಕ ಹಾಕಿದರೆ ಮದ್ಯಸಾರ ಶೇಕಡ 5. ಒಂದೊಂದು ಶೀಶೆಗೂ ಗಾಳಿ ಕಟ್ಟಲೆಂದು ಒಟ್ಟಿಗೆ 120 ಗ್ರಾಂ ಸಕ್ಕರೆ ಬೆರೆಸಿ 48 ಕಂದು ಶೀಶೆಗಳಿಗೆ ತುಂಬಿದೆವು. ಸಕ್ಕರೆ ಹೆಚ್ಚಾದರೆ ಶೀಶೆ ಒಡೆಯುತ್ತದೆ; ಬಿಳಿಯ ಗಾಜಾದರೆ ಬಿಸಿಲಿಗೆ ಹಾಪಿನ ಸತ್ವ ಕೆಟ್ಟು ನಾತ ಬರುತ್ತದೆ. ಮತ್ತೆ ಎರಡು ವಾರ ಕಾದೆವು.

ಅಕ್ಟೋಬರಿನಲ್ಲಿ ಒಂದು ಸಂಜೆ ಮೊದಲನೆಯ ಶೀಶೆಯನ್ನು ತೆರೆದ. ಅಕ್ಕಿ ತೊಳೆದ ನೀರಿಗೆ ಕೇಸರಿ ಕದಡಿದಂಥ ಮಸುಕು ಬಣ್ಣ. ಮೇಲೆ ಬೆರಳುದ್ದ ನೊರೆ. ಗೋದಿಯ ಸಸಾರಜನಕದ ಗುಣದಿಂದ ಅದು ಬೇಗ ಇಳಿಯುವುದಿಲ್ಲ. ನಾನು ಮೂಸಿ ನೋಡಿದೆ: ಚಕ್ಕೋತದ ಪರಿಮಳ ಹಾಗೆಯೇ ಇತ್ತು. ಪ್ರಯೋಗಶಾಲೆಯ ಮರ್ಯಾದೆಗೆಂದು ಒಂದು ಗುಟುಕು ನಾಲಗೆಗೆ ಹಾಕಿಕೊಂಡೆ. ಮೊದಲು ಕಹಿ, ಆಮೇಲೆ ರೊಟ್ಟಿಯ ತೆಳು ಸಿಹಿ. ಹುಳಿಯಿರಲಿಲ್ಲ. "ಚೆನ್ನಾಗಿದೆ" ಎಂದೆ, ನಿಜವಾಗಿ ಚೆನ್ನಾಗಿತ್ತು. ಎರಡನೆಯ ಗುಟುಕು ನನಗೆ ಬೇಕಾಗಲಿಲ್ಲ.

ನಾನು ಬಿಯರಿನ ವಕೀಲನಾಗಿ ಹಿಂದಿರುಗಿ ಬಂದೆನೆಂದು ಯಾರೂ ತಿಳಿಯಬಾರದು. ಸಾರಾಯಿಯಲ್ಲಿರುವ ಮದ್ಯಸಾರವೂ ಗೋದಿಯ ಬಿಯರಿನಲ್ಲಿರುವ ಮದ್ಯಸಾರವೂ ಒಂದೇ ಅಣು. ಚಕ್ಕೋತದ ಪರಿಮಳವಿದ್ದ ಮಾತ್ರಕ್ಕೆ ಅದು ಸಾತ್ವಿಕವಾಗುವುದಿಲ್ಲ. ಯಾವ ಪ್ರಮಾಣವೂ ಆರೋಗ್ಯಕ್ಕೆ ನಿರಪಾಯವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಇದನ್ನು ಮಗನಿಗೂ ಹೇಳಿದೆ. ಅವನು ವಾದ ಮಾಡಲಿಲ್ಲ. ನಾನೂ ಮೌನವ್ರತ ಹಿಡಿಯಲಿಲ್ಲ.

ನಾವು ಹೊರಡುವ ಹಿಂದಿನ ರಾತ್ರಿ ಅವನು ಲೆಕ್ಕದ ಪುಸ್ತಕವನ್ನು ತಾನಾಗಿಯೇ ತಂದು ತೋರಿಸಿದ. ಹಳೆಯ ಪುಟದಲ್ಲಿ "ತಪ್ಪು ನನ್ನದು" ಎಂಬುದನ್ನು ಹೊಡೆದುಹಾಕಿ "ಸೌಟು" ಎಂದು ಬರೆದಿದ್ದ. ಹೊಸ ಪಾಕದ ಪುಟದಲ್ಲಿ ತೂಕ, ಉಷ್ಣತೆ, ಸಾಂದ್ರತೆಗಳ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದಿದ್ದ: ವಾರಕ್ಕೆ ತೆರೆದ ಶೀಶೆಗಳ ಸಂಖ್ಯೆ. ಮೊದಲ ವಾರ 4, ಎರಡನೆಯ ವಾರ 3, ಮೂರನೆಯ ವಾರ 3. "ಭಾನುವಾರ ಭಾನುವಾರ ಫೋನು ಮಾಡುತ್ತೇನಲ್ಲ, ಆಗ ಹೇಳುತ್ತೇನೆ, ಬರೆದುಕೊಳ್ಳಿ" ಎಂದ.

ಈಗ ನನ್ನ ಮೇಜಿನ ಮೇಲೂ ಅಂಥದೇ ಒಂದು ಪುಸ್ತಕವಿದೆ. ಭಾನುವಾರ ಬೆಳಿಗ್ಗೆ, ನನ್ನಾಕೆ ದೋಸೆಗೆ ಕಾವಲಿ ಇಡುವ ಹೊತ್ತಿಗೆ, ಅವನು ಒಂದು ಸಂಖ್ಯೆ ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ನಂತರ ಬೇರೆ ಮಾತು.